ಬೇಡ್ತಿಯ ಲೆಕ್ಕ, ವರದಾ ದಂಡೆಯ ಕೊಡ: ಜಲಶಕ್ತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಜಲಶಕ್ತಿ ಸಚಿವ ಶ್ರೀ ಸಿ.ಆರ್. ಪಾಟೀಲ್ ಅವರಿಗೆ,

ನಮಸ್ಕಾರ.

ನಾನು ಶಿರಸಿ ತಾಲೂಕಿನವನು. ಮನೆ ಹಿಂದೆ ಅಡಿಕೆ ತೋಟ, ತೋಟದಾಚೆ ಹಳ್ಳ. ಆ ಹಳ್ಳ ಶಾಲ್ಮಲೆಗೆ ಸೇರುತ್ತದೆ, ಶಾಲ್ಮಲೆ ಬೇಡ್ತಿಗೆ ಸೇರುತ್ತದೆ. ಆದರೆ ನಾನು ನೌಕರಿ ಮಾಡಿದ್ದು ಹಾವೇರಿ ಜಿಲ್ಲೆಯಲ್ಲಿ. ವರದಾ ನದಿಯ ಹತ್ತಿರದ ಒಂದು ಹಳ್ಳಿಯಲ್ಲಿ ಹನ್ನೊಂದು ವರ್ಷ ಮೇಷ್ಟ್ರಾಗಿದ್ದೆ. ಹಾಗಾಗಿ ಬೇಡ್ತಿಯ ನೀರನ್ನು ಎತ್ತಿ ವರದಾ ನದಿಗೆ ಹರಿಸುವ ಬೇಡ್ತಿ–ವರದಾ ಜೋಡಣೆಯ ಸುದ್ದಿ ಬಂದಾಗಲೆಲ್ಲ ನನಗೆ ಎರಡೂ ಕಡೆಯಿಂದ ಫೋನ್ ಬರುತ್ತದೆ. ಎರಡೂ ಕಡೆಯವರು ಬೈಯುತ್ತಾರೆ.

ಹಾವೇರಿ ಕಡೆ ನಾನಿದ್ದ ಮನೆಯ ಒಡತಿಯನ್ನು ಊರೆಲ್ಲ ಅವ್ವ ಅಂತಲೇ ಕರೆಯುತ್ತಿತ್ತು. ಬೇಸಿಗೆಯಲ್ಲಿ ನಲ್ಲಿಗೆ ವಾರಕ್ಕೊಮ್ಮೆ ನೀರು ಬಂದರೆ ಬಂತು. ಅವ್ವ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಕೊಡ ಸಾಲಿಗಿಟ್ಟು, ಜಾಗ ಕಾಯೋಕೆ ಕೊಡದ ಮೇಲೊಂದು ಕಲ್ಲು ಇಟ್ಟು ಬರುತ್ತಿದ್ದಳು. ಒಂದು ದಿನ ನನ್ನನ್ನು ಕೇಳಿದಳು: "ಸರ, ನಿಮ್ಮೂರಾಗ ನೀರು ಸುಮ್ನ ಸಮುದ್ರಕ್ಕ ಹೋಗ್ತಾವಂತ. ನಮಗ ಒಂದಿಷ್ಟು ಕೊಟ್ರ ಏನಾಗತೈತ್ರೀ?" ನನಗೆ ಉತ್ತರ ಹೊಳೆಯಲಿಲ್ಲ. ಕೇಳಿದ್ದು ತಪ್ಪೂ ಅಲ್ಲ ಅಲ್ವಾ?

ಉತ್ತರ ಸಿಕ್ಕಿದ್ದು ನಿವೃತ್ತನಾಗಿ ಊರಿಗೆ ಬಂದ ಮೇಲೆ. ಜುಲೈನಲ್ಲಿ ನಮ್ಮ ಹಳ್ಳದ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಏಪ್ರಿಲ್‌ಗೆ ಅದೇ ಹಳ್ಳದಲ್ಲಿ ಚಪ್ಪಲಿ ಒದ್ದೆಯಾಗದ ಹಾಗೆ ಕಲ್ಲಿಂದ ಕಲ್ಲಿಗೆ ದಾಟಬಹುದು. ತೋಟದ ಬಾವಿಯಲ್ಲಿ ಪಂಪು ಹತ್ತು ನಿಮಿಷ ಓಡಿ ಗಾಳಿ ಎಳೆಯುತ್ತದೆ. ಮಲೆನಾಡು ಅಂದರೆ ವರ್ಷವಿಡೀ ನೀರು ಅಂದುಕೊಂಡವರಿಗೆ ನಮ್ಮಲ್ಲೂ ಟ್ಯಾಂಕರ್ ಓಡಾಡುತ್ತದೆ ಅಂದರೆ ನಗು ಬರುತ್ತದೆ. ಬೇಡ್ತಿಯಲ್ಲಿ "ಹೆಚ್ಚುವರಿ" ನೀರಿದೆ ಅನ್ನುವ ಮಾತು ಮಳೆಗಾಲದ್ದು. ಬೇಸಿಗೆಯಲ್ಲಿ ಉಳಿಯುವ ಸಣ್ಣ ಹರಿವು ಅಂಕೋಲಾದ ಕಡೆ ಗಂಗಾವಳಿ ಅನ್ನುವ ಹೆಸರಲ್ಲಿ ಸಮುದ್ರ ಸೇರುತ್ತದೆ. ಅಷ್ಟಾದರೂ ಹರಿಯುವುದರಿಂದಲೇ ಉಪ್ಪುನೀರು ನದಿಯೊಳಗೆ ತೀರಾ ಮೇಲೆ ಏರದೆ ಅಳಿವೆಯಲ್ಲೇ ತಡೆದು ನಿಲ್ಲುವುದು. ಅಲ್ಲಿನ ಮೀನುಗಾರರಿಗೆ ಸಮುದ್ರಕ್ಕೆ ಹೋಗುವ ನೀರು ಪೋಲಲ್ಲ.

ನಿಮ್ಮ ಸಚಿವಾಲಯದ ಕೆಳಗಿರುವ ರಾಷ್ಟ್ರೀಯ ಜಲ ಅಭಿವೃದ್ಧಿ ಸಂಸ್ಥೆಯ ಈಚಿನ ಯೋಜನೆಯ ಪ್ರಕಾರ ಇಲ್ಲಿಂದ ಎತ್ತಬೇಕಿರುವುದು ಸುಮಾರು 18.5 ಟಿಎಂಸಿ. ಪಟ್ಟಣದಹಳ್ಳ ಅನ್ನುವ ತೊರೆಗೊಂದು, ಶಾಲ್ಮಲಾ ಹಳ್ಳಕ್ಕೊಂದು ಅಣೆಕಟ್ಟು, ಸುರೇಮನೆಯಲ್ಲಿ ಬ್ಯಾರೇಜು. ನೀರು ತಾನಾಗಿ ಆ ಕಡೆ ಹರಿಯುವುದಿಲ್ಲ, ಪಂಪ್ ಹಾಕಿ ಎತ್ತಬೇಕು. ಇದೇ ಕಣಿವೆಯಲ್ಲಿ ಬೇಡ್ತಿ ಸಂರಕ್ಷಣಾ ಮೀಸಲು ಪ್ರದೇಶವಿದೆ. ಘೋಷಿಸಿದ್ದು ಸರ್ಕಾರವೇ.

ಈಗ ಅವ್ವನಿಗೆ ಯಾರೂ ಹೇಳದ ಮಾತಿಗೆ ಬರುತ್ತೇನೆ. ಈ ಜೋಡಣೆಯ ಮೊದಲ ಕಾರ್ಯಸಾಧ್ಯತಾ ಲೆಕ್ಕದಲ್ಲಿ ನೀರು ಹೋಗಬೇಕಿದ್ದದ್ದು ರಾಯಚೂರು ಜಿಲ್ಲೆಯ ಹೊಲಗಳಿಗೆ. ಅವ್ವನ ಊರಿನ ಪಕ್ಕದಲ್ಲಿ ಅದು ಹಾದು ಹೋಗುತ್ತಿತ್ತು, ಅಷ್ಟೇ. ವರದಾ ಕೂಡ ಮಳೆಗಾಲದಲ್ಲಿ ದಂಡೆ ಮೀರಿ ಹೊಲಕ್ಕೆ ನುಗ್ಗುತ್ತದೆ, ನಾನೇ ಕಂಡಿದ್ದೇನೆ. ಶಾಲೆಗೆ ರಜೆ ಕೊಟ್ಟಿದ್ದೂ ಇದೆ. ಆ ನೀರನ್ನು ಹಿಡಿಯುವ ಕೆರೆಗಳಲ್ಲಿ ಹೂಳು.

ಹೂಳು ಅಂದೆನಲ್ಲ, ದೊಡ್ಡ ಹೂಳಿನ ಕತೆ ವರದಾ ಹೋಗಿ ಸೇರುವ ತುಂಗಭದ್ರೆಯ ಜಲಾಶಯದ್ದು. 1953ರ ಹೊತ್ತಿಗೆ ಆ ಜಲಾಶಯದಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಈಗ ಹಿಡಿಯುವುದು ಸುಮಾರು 105. ಹೂಳು ನುಂಗಿದ್ದು ಹತ್ತಿರ ಹತ್ತಿರ 28 ಟಿಎಂಸಿ. ಬೇಡ್ತಿಯಿಂದ ಎತ್ತುವುದಕ್ಕಿಂತ ಒಂದೂವರೆ ಪಟ್ಟು! 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ, ಅದನ್ನು ಸರಿ ಮಾಡೋಕೆ ತುಂಬಿದ ಡ್ಯಾಮಿನ ನೀರನ್ನೇ ಹೊಳೆಗೆ ಬಿಡಬೇಕಾಯಿತು. ಇದ್ದ ಪಾತ್ರೆ ತೂತಾಗಿರುವಾಗ ಪಕ್ಕದ ಮನೆಯಿಂದ ನೀರು ಕಡ ತಂದು ಏನು ಮಾಡೋಣ?

ಅಷ್ಟು ಹೂಳು ತೆಗೆಯೋಕಾಗಲ್ಲ ಅಂತ ಎಂಜಿನಿಯರುಗಳು ಹೇಳುತ್ತಾರೆ. ಇರಬಹುದು. ಅದಕ್ಕೇ ಕೊಪ್ಪಳ ಜಿಲ್ಲೆಯ ನವಲಿ ಹತ್ತಿರ ಸಮಾನಾಂತರ ಜಲಾಶಯದ ಮಾತು ಎದ್ದದ್ದು. ಅಲ್ಲಿಯೂ ಜಮೀನು ಹೋಗುತ್ತದೆ, ಅದು ಸುಲಭದ ಕೆಲಸ ಅಂತ ನಾನು ಹೇಳುವುದಿಲ್ಲ. ಆದರೆ ಅದಕ್ಕೆ ಕರ್ನಾಟಕದ ಜೊತೆ ಆಂಧ್ರ, ತೆಲಂಗಾಣಗಳೂ ಒಪ್ಪಬೇಕು. ಮೂವರನ್ನೂ ಒಂದು ಮೇಜಿಗೆ ಕರೆದು ಕೂರಿಸಲು ನಿಮಗಿಂತ ಯೋಗ್ಯರು ಯಾರಿದ್ದಾರೆ? ಶಿರಸಿಯವರನ್ನೂ ಹಾವೇರಿಯವರನ್ನೂ ಎದುರುಬದುರು ನಿಲ್ಲಿಸುವುದಕ್ಕಿಂತ ಇದು ನಿಮ್ಮ ಕುರ್ಚಿಗೆ ಒಪ್ಪುವ ಕೆಲಸ.

ರಾಷ್ಟ್ರೀಯ ಜಲನೀತಿಯೂ ನಮ್ಮ ಕಡೆಗಿದೆ. ಒಂದು ಕೊಳ್ಳದಿಂದ ಇನ್ನೊಂದಕ್ಕೆ ನೀರು ಒಯ್ಯುವಾಗ ಪರಿಸರ, ಹಣ, ಜನಜೀವನ ಮೂರನ್ನೂ ತೂಗಿ ಪ್ರತಿ ಯೋಜನೆಯನ್ನೂ ಬೇರೆಬೇರೆಯಾಗಿ ನೋಡಬೇಕು ಅಂತ 2012ರ ನೀತಿ ಹೇಳುತ್ತದೆ. ನದಿಯ ಪಾಲನ್ನು ನದಿಗೇ ಬಿಡಬೇಕು ಅಂತಲೂ ಹೇಳುತ್ತದೆ. ಇಲ್ಲಿ ಆ ತೂಕ ಯಾವ ಊರಲ್ಲಿ, ಯಾರ ಮುಂದೆ ನಡೆಯಿತು ಅಂತ ಕೇಳಿದರೆ ನಮ್ಮ ಪಂಚಾಯಿತಿಯಲ್ಲಿ ಯಾರಿಗೂ ಗೊತ್ತಿಲ್ಲ. 1981ರಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭ–ನಷ್ಟವನ್ನು ವಿಜ್ಞಾನಿಗಳೂ ತೋಟಗಾರರೂ ಶಿರಸಿಯಲ್ಲೇ ಒಟ್ಟಿಗೆ ಕೂತು ಚರ್ಚಿಸಿದ್ದರು. ಯೋಜನೆ ಕೊನೆಗೆ ನಿಂತಿತು. ಈಗ ವಿವರವಾದ ವರದಿಯನ್ನು ಕನ್ನಡದಲ್ಲಿ ಕೊಡಿ. ತಿಂಗಳವಾರು ಹರಿವಿನ ಲೆಕ್ಕವೂ ಇರಲಿ. ಚರ್ಚೆಗೆ ನಾವು ಬರುತ್ತೇವೆ, ಹಾವೇರಿಯವರನ್ನೂ ಕರೆಯಿರಿ, ಒಂದೇ ಸಭೆಗೆ.

ಇದೆಲ್ಲ ನಿಮಗೆ ಹೊಸದಲ್ಲ. ನಿಮ್ಮ ನವಸಾರಿ, ಡಾಂಗ್, ವಲಸಾಡ್ ಕಡೆಯ ಆದಿವಾಸಿಗಳು ಪಾರ್–ತಾಪಿ–ನರ್ಮದಾ ಜೋಡಣೆ ಬೇಡ ಅಂದರು. 2022ರಲ್ಲಿ ಗುಜರಾತ್ ಮುಖ್ಯಮಂತ್ರಿ ಅದನ್ನು ಕೈಬಿಡುವುದಾಗಿ ಹೇಳಿದರು. ಆಗ ನೀವು ಅಲ್ಲಿ ನಿಮ್ಮ ಪಕ್ಷದ ರಾಜ್ಯ ಅಧ್ಯಕ್ಷರು. ಅಲ್ಲಿಯ ಜನರ ಮಾತು ಕೇಳಿಸಿದ ಕಿವಿಗೆ ನಮ್ಮದೂ ಕೇಳಿಸೀತು ಅಂತ ಈ ಪತ್ರ ಬರೆಯುತ್ತಿದ್ದೇನೆ.

ಒಮ್ಮೆ ಬನ್ನಿ. ಮಳೆಗಾಲದಲ್ಲಿ ಬೇಡ, ಏಪ್ರಿಲ್ ಕೊನೆಗೆ. ಶಾಲ್ಮಲೆಯ ಸಹಸ್ರಲಿಂಗದಲ್ಲಿ ಆಗ ಬಂಡೆ ಮೇಲಿನ ಲಿಂಗಗಳೆಲ್ಲ ಹೊರಗೆ ಕಾಣುತ್ತಿರುತ್ತವೆ. ನೀರು ಎಷ್ಟಿದೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಹಾವೇರಿಯಿಂದ ಅವ್ವನನ್ನೂ ನಾನೇ ಕರೆತರುತ್ತೇನೆ. ಅವಳು ನನ್ನನ್ನು ಕೇಳಿದ್ದನ್ನು ನಿಮ್ಮನ್ನೂ ಕೇಳುತ್ತಾಳೆ.

ಇಂತಿ,
ಶಿರಸಿ ತಾಲೂಕಿನ ಒಬ್ಬ ನಿವೃತ್ತ ಮೇಷ್ಟ್ರು