ನಾಯಿಯ ಹೆಸರಿನಲ್ಲಿ ಹೊರಟ ಮಾತ್ರೆ: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

ಪೆನ್ಸಿಲ್ವೇನಿಯಾದ ನಿನ್ನ ಪಶುಚಿಕಿತ್ಸಾಲಯದಲ್ಲಿ ಮುಂದಿನ ತಿಂಗಳಿನಿಂದ ನಿಯಂತ್ರಿತ ಔಷಧಿಗಳ ಕಪಾಟಿನ ಜವಾಬ್ದಾರಿ ನಿನ್ನ ಪಾಲಿಗೆ ಬರುತ್ತದೆ ಎಂದು ಬರೆದಿದ್ದೀಯೆ. ಒಬ್ಬ ಗ್ರಾಹಕರು ತಮ್ಮ ಮುದಿ ಲ್ಯಾಬ್ರಡಾರ್‌ನ ಕೀಲುನೋವಿಗೆ ಟ್ರಾಮಡಾಲ್ ಎಂಬ, ಮನುಷ್ಯರಿಗೆ ಚಟ ಹಿಡಿಸಬಲ್ಲ ನೋವುಮಾತ್ರೆ ಬೇಕೆಂದು ಹೆಸರು ಹಿಡಿದು ಕೇಳಿದ್ದನ್ನೂ, ನೀನು ಬೇರೆ ಮಾತ್ರೆ ಸೂಚಿಸಿದಾಗ ಅವರ ಮುಖ ಬಿಗಿದದ್ದನ್ನೂ, ಅವರನ್ನು ಅನುಮಾನಿಸಿದ್ದು ಸರಿಯೇ ಎಂದು ನೀನು ನಿದ್ದೆಗೆಟ್ಟಿದ್ದನ್ನೂ ಓದಿದೆ. ಫೋನಿನಲ್ಲಿ ಈ ವಿಷಯ ಪೂರ್ತಿ ಹೇಳಲಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸೇವೆಯಲ್ಲಿದ್ದಾಗ ನಮ್ಮ ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ಈ ತಲೆನೋವು ಇರಲಿಲ್ಲ. ಅದು ನಮ್ಮ ಸದ್ಗುಣದಿಂದಲ್ಲ, ಕಪಾಟಿನಲ್ಲಿ ಆ ಔಷಧಿಯೇ ಇರಲಿಲ್ಲ ಎಂಬ ಕಾರಣದಿಂದ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಪರವಾನಗಿಗಳ ಗೋಜಿಗೆ ಹೆದರಿ ಮನುಷ್ಯರ ಆಸ್ಪತ್ರೆಗಳೇ ಮಾರ್ಫಿನ್ ಇಡುವುದನ್ನು ಕೈಬಿಟ್ಟಿದ್ದವು; ಕ್ಯಾನ್ಸರ್ ರೋಗಿಗಳು ಅರಚುತ್ತ ಸಾಯುತ್ತಿದ್ದ ಆ ಕಾಲದಲ್ಲಿ ದನಗಳ ನೋವಿಗೆ ಯಾರು ಮಾರ್ಫಿನ್ ಕೊಟ್ಟಾರು? ಸಂಸತ್ತು ಆ ಬಿಗಿಯನ್ನು ಸಡಿಲಿಸಿದ್ದು 2014ರಲ್ಲಿ. ಕೊಂಬಿನ ಕ್ಯಾನ್ಸರ್ ಬಂದ ಎತ್ತನ್ನು ಕೆಡವಿ ಕಟ್ಟಿ, ಮಂಪರು ಬರಿಸುವ ಜೈಲಜಿನ್ ಸ್ವಲ್ಪ ಕೊಟ್ಟು, ಕಣ್ಣಿನ ಹೊರಮೂಲೆಯಿಂದ ಕೊಂಬಿನ ಬುಡಕ್ಕೆ ಹೋಗುವ ಮೂಳೆಯ ಏಣನ್ನು ಬೆರಳಿನಿಂದ ತಡವಿ ಹುಡುಕಿ, ಅದರ ಅಡಿಯ ನರಕ್ಕೆ ಮರಗಟ್ಟಿಸುವ ಲಿಗ್ನೋಕೇನ್ ಚುಚ್ಚಿ ಕೊಂಬು ಕೊಯ್ಯುತ್ತಿದ್ದೆವು. ಲಿಗ್ನೋಕೇನ್ ಇಳಿದ ಮೇಲಿನ ರಾತ್ರಿಗೆ ಮೆಲಾಕ್ಸಿಕಾಮ್ ಎಂಬ ಸಾಧಾರಣ ನೋವುನಿವಾರಕ ಒಂದೇ ಗತಿ. ಆದ್ದರಿಂದ ಒಪಿಯಾಯ್ಡ್ (ಮಾರ್ಫಿನ್ ಜಾತಿಯ ನೋವುನಿವಾರಕ) ಎಂದರೆ ಸಾಕು, ಬೇಡವೇ ಬೇಡ ಎನ್ನುವವರ ಗುಂಪಿಗೆ ನಾನು ಸೇರಿದವಳಲ್ಲ ಎಂಬುದು ಮೊದಲೇ ನಿನಗೆ ತಿಳಿದಿರಲಿ.

ನಿನ್ನ ದೇಶದ ಕಥೆ ಇದಕ್ಕೆ ತೀರ ವಿರುದ್ಧ. ಅಲ್ಲಿ ಮನುಷ್ಯರ ವೈದ್ಯರು ಒಪಿಯಾಯ್ಡ್‌ಗಳನ್ನು ವರ್ಷಗಟ್ಟಲೆ ಕೈಬಿಚ್ಚಿ ಬರೆದು, ಆಮೇಲೆ ಸರ್ಕಾರ ಆ ಬಾಗಿಲನ್ನು ಬಿಗಿ ಮಾಡುತ್ತ ಬಂದಾಗ, ಪಕ್ಕದ ಪಶುವೈದ್ಯರ ಕಿರುಬಾಗಿಲು ತೆರೆದೇ ಇದೆಯೆಂಬುದು ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ. ನಿನ್ನದೇ ರಾಜ್ಯದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯ ಆಸ್ಪತ್ರೆಯ ಲೆಕ್ಕಗಳನ್ನು ತೆಗೆದು ನೋಡಿದ ಅಧ್ಯಯನವೊಂದು 2019ರ ಆರಂಭದಲ್ಲಿ ಪ್ರಕಟವಾಯಿತು. 2007ರಿಂದ 2017ರ ನಡುವೆ ಅಲ್ಲಿಗೆ ಬಂದ ಪ್ರಾಣಿಗಳ ಸಂಖ್ಯೆ ಸುಮಾರು ಶೇ. 13ರಷ್ಟು ಹೆಚ್ಚಿದ್ದರೆ, ಕೊಟ್ಟ ಒಪಿಯಾಯ್ಡ್ ಪ್ರಮಾಣ ಶೇ. 41ರಷ್ಟು ಏರಿತ್ತು. ಇದಿಷ್ಟೂ ಕಳ್ಳದಾರಿ ಹಿಡಿಯಿತು ಎಂದು ಯಾರೂ ಹೇಳಿಲ್ಲ, ಹೇಳಲೂಬಾರದು. ಪ್ರಾಣಿಗೂ ನೋವಿದೆ ಎಂದು ನಮ್ಮ ವೃತ್ತಿ ತಡವಾಗಿಯಾದರೂ ಒಪ್ಪಿಕೊಂಡದ್ದರ ಪಾಲೂ ಅದರಲ್ಲಿದೆ. ಆದರೆ ಮನೆಗೆ ಹೋದ ಮಾತ್ರೆಯನ್ನು ನಾಯಿ ತಿಂದಿತೋ ಬೇರೆಯವರು ತಿಂದರೋ ಎಂದು ಹೇಳುವವರು ಯಾರು? ನಾಯಿಯಂತೂ ದೂರು ಕೊಡುವುದಿಲ್ಲ.

ಟ್ರಾಮಡಾಲ್ ವಿಷಯದಲ್ಲಿ ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಏಕೆಂದರೆ ಆ ಗ್ರಾಹಕರಿಗೆ ಕೊಡಬೇಕಾದ ಉತ್ತರ ಅದರಲ್ಲೇ ಇದೆ. ಈ ಔಷಧಿ ಮನುಷ್ಯನ ಯಕೃತ್ತಿನಲ್ಲಿ ಎಂ1 ಎಂಬ ಇನ್ನೊಂದು ರೂಪಕ್ಕೆ ಬದಲಾದಾಗಲೇ ಒಪಿಯಾಯ್ಡ್‌ನಂತೆ ಬಲವಾಗಿ ಕೆಲಸ ಮಾಡುತ್ತದೆ. ಬೆಕ್ಕಿನ ಮೈಯಲ್ಲೂ ಆ ಬದಲಾವಣೆ ಚೆನ್ನಾಗಿ ಆಗುತ್ತದೆ, ಆದರೆ ಕಹಿಯ ದೆಸೆಯಿಂದ ಬೆಕ್ಕು ಅದನ್ನು ನುಂಗದೆ ನೊರೆ ಉಗುಳುತ್ತದೆ. ನಾಯಿಯಲ್ಲಿ ಎಂ1 ತೀರ ಅತ್ಯಲ್ಪ. ಸಂಧಿವಾತದ ನಾಯಿಗಳ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಟ್ರಾಮಡಾಲ್‌ನಿಂದ ನಡಿಗೆಯಲ್ಲಿ ಯಾವ ಪ್ರಯೋಜನವೂ ಕಾಣಲಿಲ್ಲ. ಅಂದರೆ ನಾಯಿಗಳಿಗೆ ಧಾರಾಳವಾಗಿ ಬರೆದುಕೊಡುತ್ತ ಬಂದ ಈ ಮಾತ್ರೆ ನಾಯಿಯ ಮೇಲೆ ಅಷ್ಟೇನೂ ಕೆಲಸ ಮಾಡದೆ, ಅದರ ಯಜಮಾನನ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ! ಅಮೆರಿಕದಲ್ಲಿ 2014ರ ಆಗಸ್ಟ್‌ವರೆಗೆ ಕೇಂದ್ರ ಕಾನೂನಿನ ನಿಯಂತ್ರಿತ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ನಮ್ಮಲ್ಲಿ ಎನ್‌ಡಿಪಿಎಸ್ ಅಡಿಗೆ ಬಂದದ್ದು 2018ರಲ್ಲಿ. ಆದ್ದರಿಂದ ನೀನು ಬೇರೆ ಮಾತ್ರೆ ಸೂಚಿಸಲು ಅನುಮಾನದ ಅಗತ್ಯವೇ ಇರಲಿಲ್ಲ, ನಾಯಿಯ ಹಿತ ಒಂದೇ ಸಾಕಾಗಿತ್ತು. ಅವರು ಪ್ರಾಮಾಣಿಕರೇ ಆಗಿದ್ದರೂ ನಿನ್ನ ಉತ್ತರ ಬದಲಾಗುತ್ತಿರಲಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ಮಲಗು.

ಅಪ್ರಾಮಾಣಿಕರು ಇದ್ದಾರೆ ಎಂಬುದೂ ಸತ್ಯವೇ. ಕೊಲೊರಾಡೋ ರಾಜ್ಯದ ಪಶುವೈದ್ಯರ ನಡುವೆ ನಡೆಸಿದ, 2018ರಲ್ಲಿ ಪ್ರಕಟವಾದ ಒಂದು ಸಣ್ಣ ಸಮೀಕ್ಷೆಯಲ್ಲಿ, ಔಷಧಿಗಾಗಿ ಯಜಮಾನರೇ ಪ್ರಾಣಿಯನ್ನು ಬೇಕೆಂದು ಗಾಯಗೊಳಿಸಿದ, ಕಾಯಿಲೆ ಬೀಳಿಸಿದ ಅಥವಾ ಕಾಯಿಲೆಯೆಂದು ನಟಿಸಿದ ಪ್ರಕರಣ ತಮಗೆ ಗೊತ್ತೆಂದು ಉತ್ತರಿಸಿದವರು ಶೇ. 13. ಕೆಂಟಕಿಯಲ್ಲಿ 2014ರಲ್ಲಿ ಟ್ರಾಮಡಾಲ್ ಪಡೆಯಲು ಮಹಿಳೆಯೊಬ್ಬರು ತಮ್ಮ ಗೋಲ್ಡನ್ ರಿಟ್ರೀವರ್ ನಾಯಿಯನ್ನೇ ಬ್ಲೇಡಿನಿಂದ ಕೊಯ್ದು ಚಿಕಿತ್ಸಾಲಯಕ್ಕೆ ಕರೆತಂದ ಆರೋಪದ ಮೇಲೆ ಬಂಧನಕ್ಕೆ ಒಳಗಾದರು. ಗಾಯದ ಅಂಚು ನೋಡುವುದನ್ನು ನಮಗೆ ಹೆಬ್ಬಾಳದ ಕಾಲೇಜಿನಲ್ಲಿ ಮೊದಲ ದಿನಗಳಲ್ಲೇ ಕಲಿಸಿದ್ದರು: ತಂತಿ ಹರಿದರೆ ಅಂಚು ಚಿಂದಿಯಾಗಿರುತ್ತದೆ, ಹಲ್ಲು ಊರಿದ್ದರೆ ಚರ್ಮದ ಕೆಳಗೆ ಜಜ್ಜಿರುತ್ತದೆ, ಬ್ಲೇಡು ಎಳೆದ ಗೀರು ಮಾತ್ರ ನೇರವಾಗಿ, ಒಂದೇ ಆಳದಲ್ಲಿ, ಸುತ್ತಲ ಕೂದಲನ್ನೂ ಕತ್ತರಿಸಿಕೊಂಡು ಹೋಗಿರುತ್ತದೆ. ಯಜಮಾನರು ಹೇಳುವ ಕಥೆಗೂ ಗಾಯಕ್ಕೂ ತಾಳೆ ಬೀಳದಿದ್ದರೆ ಮೊದಲು ಗಾಯವನ್ನು ನಂಬು. ದೂರದ ಊರಿನಿಂದ ಹುಡುಕಿಕೊಂಡು ಬಂದ ಹೊಸಬರು, ಅವಧಿಗೆ ಮುನ್ನವೇ ಮಾತ್ರೆ ಕಳೆದುಹೋಯಿತೆನ್ನುವವರು, ಉಳಿದ ಎಲ್ಲ ಔಷಧಿಯೂ ತಮ್ಮ ನಾಯಿಗೆ ಆಗಿಬರುವುದಿಲ್ಲ ಎನ್ನುವವರು, ಇವೆಲ್ಲ ಸುಳಿವುಗಳೇ ಹೊರತು ತೀರ್ಪುಗಳಲ್ಲ.

ಆದರೆ ನನ್ನ ನಿಜವಾದ ಆತಂಕ ಮುಂಬಾಗಿಲಿನದಲ್ಲ. ಅದೇ ಸಮೀಕ್ಷೆಯಲ್ಲಿ, ತಮ್ಮ ಸಿಬ್ಬಂದಿಯಲ್ಲೇ ಒಬ್ಬರು ಒಪಿಯಾಯ್ಡ್ ಕದ್ದು ಸೇವಿಸಿದ್ದು ಗೊತ್ತೆಂದವರು ಶೇ. 12 ಇದ್ದರು. ಇದನ್ನು ಓದಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ ಕೆಲಸ, ಬೆನ್ನುನೋವು, ಓದಿನ ಸಾಲ, ಬೈಯುವ ಗ್ರಾಹಕರು, ಒಂದು ಕೋಣೆಯಲ್ಲಿ ಮರಿಗೆ ಲಸಿಕೆ ಹಾಕಿ ಮರುಗಳಿಗೆಯೇ ಪಕ್ಕದ ಕೋಣೆಯಲ್ಲಿ ಹದಿನಾಲ್ಕು ವರ್ಷದ ನಾಯಿಗೆ ಶಾಂತಮರಣದ ಸೂಜಿ. ಇಷ್ಟರ ನಡುವೆ ಕೈಗೆಟುಕುವಷ್ಟು ಹತ್ತಿರದಲ್ಲಿ ಕಪಾಟು. ಅಲ್ಲಿಗೆ ಕೈ ಹೋಗುವವರು ಹೆಚ್ಚಾಗಿ ದುಷ್ಟರಲ್ಲ, ದಣಿದವರು. ಪುಸ್ತಕದಲ್ಲಿ ಪೂರ್ತಿ ಡೋಸು ಕೊಟ್ಟದ್ದಾಗಿ ಬರೆದಿದ್ದರೂ ಶಸ್ತ್ರಚಿಕಿತ್ಸೆಯ ನಂತರ ಬೆಕ್ಕು ಮುದುಡಿ ಕುಳಿತು ಹೊಟ್ಟೆ ಮುಟ್ಟಗೊಡದಿದ್ದರೆ, ಅದು ಆಗಾಗ ಒಬ್ಬರದೇ ಪಾಳಿಯಲ್ಲಿ ನಡೆಯುತ್ತಿದ್ದರೆ, ಆ ಬೆಕ್ಕಿನ ನೋವನ್ನು ದಾಖಲೆಗೆ ತೆಗೆದುಕೊಳ್ಳಬೇಕು. ಕಳುವಿನಿಂದ ಮೊದಲು ಬವಣೆಪಡುವುದು ಮೇಜಿನ ಮೇಲಿನ ಪ್ರಾಣಿಯೇ.

ಹಾಗಾಗಿ ಕಪಾಟಿಗೆ ಎರಡು ಬೀಗ, ತೆಗೆಯುವಾಗ ಇಬ್ಬರ ಸಹಿ, ಸಿರಿಂಜಿನಲ್ಲಿ ಉಳಿದದ್ದನ್ನು ಚೆಲ್ಲುವಾಗ ಇನ್ನೊಬ್ಬರ ಕಣ್ಣು, ವಾರಕ್ಕೊಮ್ಮೆ ಎಣಿಕೆ. ಎಣಿಸುವವರು ಒಬ್ಬರೇ ಆಗಿರಬಾರದು. ನೀನೂ ಆ ನಿಯಮಕ್ಕೆ ಹೊರತಲ್ಲ, ಮಾಲೀಕರೂ ಹೊರತಲ್ಲ. ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಡಬೇಕೆಂಬುದೂ, ಕಳುವು ಕಂಡುಬಂದರೆ ಅಲ್ಲಿನ ಕೇಂದ್ರ ಮಾದಕವಸ್ತು ನಿಯಂತ್ರಣ ಸಂಸ್ಥೆಯಾದ ಡಿಇಎಗೆ ತಡಮಾಡದೆ ತಿಳಿಸಬೇಕೆಂಬುದೂ ನಿನಗೆ ಗೊತ್ತು. ಮನುಷ್ಯರ ವೈದ್ಯರು ರೋಗಿಯ ಹಳೆಯ ಚೀಟಿಗಳನ್ನು ನೋಡಲು ರಾಜ್ಯದ ದತ್ತಾಂಶವಿದೆ, ಆದರೆ ಹಲವು ರಾಜ್ಯಗಳಲ್ಲಿ ಪಶುವೈದ್ಯರಿಗೆ ಅದನ್ನು ನೋಡುವ ಬಾಧ್ಯತೆಯಿಲ್ಲ. ನೋಡುವ ಬಾಧ್ಯತೆ ಇದ್ದರೂ ಯಾರ ಚರಿತ್ರೆ ನೋಡುವುದು, ನಾಯಿಯದೋ ಯಜಮಾನರದೋ? ಯಜಮಾನರು ನಮ್ಮ ರೋಗಿಯಲ್ಲವಲ್ಲ! ಈ ತೊಡಕನ್ನು ಅಲ್ಲಿನ ಕಾನೂನು ಇನ್ನೂ ಸರಿಯಾಗಿ ಬಿಡಿಸಿಲ್ಲ.

ಕಾನೂನಿಗಿಂತ ಪ್ಯಾಕಿಂಗ್ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ, ಅದಕ್ಕೆ ನಮ್ಮದೇ ಉದಾಹರಣೆ ಇದೆ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಸತ್ತ ದನವನ್ನು ತಿಂದ ರಣಹದ್ದುಗಳನ್ನು ಕೊಲ್ಲುತ್ತಿದೆ ಎಂದು ತಿಳಿದು, ಪಶುಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ಆದರೂ ಮನುಷ್ಯರಿಗಾಗಿ ತಯಾರಾದ ದೊಡ್ಡ ಸೀಸೆಗಳು ಔಷಧಿ ಅಂಗಡಿಯಿಂದ ಕೊಟ್ಟಿಗೆಗೆ ಹರಿಯುತ್ತಲೇ ಇದ್ದವು. 2015ರಲ್ಲಿ ಮನುಷ್ಯರ ಸೀಸೆಯನ್ನೇ 3 ಮಿಲಿಲೀಟರಿಗೆ ಇಳಿಸಿದ ಮೇಲೆ ಒಂದು ಎಮ್ಮೆಗೆ ಬೇಕಾಗುವಷ್ಟು ಕೊಳ್ಳುವುದು ದುಬಾರಿಯೂ ತ್ರಾಸದಾಯಕವೂ ಆಯಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ರಣಹದ್ದುಗಳ ಹಿಂದೆ ಇಂಥ ಸಣ್ಣ ಲೆಕ್ಕಗಳೂ ಇವೆ. ನಿನ್ನ ಸಮಸ್ಯೆ ಅದರ ತಿರುವುಮುರುವು, ಮದ್ದು ಮಾತ್ರ ಒಂದೇ: ಮೂವತ್ತು ದಿನದ ಡಬ್ಬಿಯ ಬದಲು ಮೂರು ದಿನದ್ದು ಕೊಡು, ಮತ್ತೆ ಬೇಕಾದರೆ ಪ್ರಾಣಿಯನ್ನು ಕರೆತರಲಿ. ಆಸ್ಪತ್ರೆಯಲ್ಲೇ ಹಚ್ಚಿ ಕಳುಹಿಸಬಹುದಾದ್ದನ್ನು ಅಲ್ಲೇ ಹಚ್ಚು. ಬೆಕ್ಕುಗಳ ಕತ್ತಿನ ಹಿಂಭಾಗದಲ್ಲಿ ತಲೆಬುರುಡೆಯ ಬುಡಕ್ಕೆ ಹಚ್ಚುವ ಬುಪ್ರೆನಾರ್ಫಿನ್ ಎಂಬ ಒಪಿಯಾಯ್ಡ್‌ನ ದ್ರಾವಣಕ್ಕೆ 2022ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು. ನಾಲ್ಕು ದಿನ ನೋವು ತಡೆಯುವ ಅದು ಯಜಮಾನರ ಕೈಗೆ ಹೋಗುವುದೇ ಇಲ್ಲ. ಒಪಿಯಾಯ್ಡ್ ಅಲ್ಲದ ಗ್ಯಾಬಪೆಂಟಿನ್ ಬರೆದುಬಿಟ್ಟರೆ ಪಾರಾದೆವು ಎಂದುಕೊಳ್ಳಬೇಡ, ಅದೂ ದುರ್ಬಳಕೆಯಾಗಿ ಕೆಂಟಕಿ 2017ರಲ್ಲೇ ಅದನ್ನು ನಿಯಂತ್ರಿತ ಪಟ್ಟಿಗೆ ಸೇರಿಸಿದೆ.

ಇಷ್ಟೆಲ್ಲ ಹೇಳಿದ್ದರಿಂದ ನೀನು ಹೆದರಿ ಕಪಾಟನ್ನೇ ಖಾಲಿ ಮಾಡುವುದು ನನಗೆ ಬೇಡ. ತೊಡೆಮೂಳೆ ಮುರಿದ ನಾಯಿಗೆ ಮೊದಲ ರಾತ್ರಿ ಮೆಥಡೋನ್ ಅಥವಾ ಫೆಂಟನಿಲ್‌ನಂಥ ಬಲವಾದ ಒಪಿಯಾಯ್ಡ್ ಬೇಕೇಬೇಕು, ಅದನ್ನು ಯಾರೋ ಕದಿಯಬಹುದೆಂಬ ಭಯಕ್ಕೆ ಆ ನಾಯಿ ದಂಡ ತೆರಬಾರದು. ಒಪಿಯಾಯ್ಡ್ ಅತಿಯಾದಾಗ ಜೀವ ಉಳಿಸುವ ನಲೋಕ್ಸೋನ್ ಸ್ಪ್ರೇ ಒಂದನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಇಡು; 2023ರಿಂದ ಅದು ಅಲ್ಲಿ ಚೀಟಿಯಿಲ್ಲದೆಯೇ ಸಿಗುತ್ತದೆ. ಮನೆಯಲ್ಲಿ ಯಜಮಾನನ ಮಾತ್ರೆ ನುಂಗಿದ ನಾಯಿಮರಿಗೂ ಅದು ಬೇಕಾದೀತು, ಶೌಚಾಲಯದಲ್ಲಿ ಬಿದ್ದ ಸಹೋದ್ಯೋಗಿಗೂ ಬೇಕಾದೀತು. ಯಾರಾದರೂ ಸಿಕ್ಕಿಬಿದ್ದ ದಿನ ಮಾಡುವ ವರದಿಯನ್ನು ಮಾಡಲೇಬೇಕು, ಆದರೆ ಚಿಕಿತ್ಸೆಗೆ ಕಳುಹಿಸುವ ದಾರಿ ಯಾವುದೆಂದು ಅದಕ್ಕಿಂತ ಮುಂಚೆಯೇ ವಿಚಾರಿಸಿ ಬರೆದಿಟ್ಟುಕೊ.

ಆ ಲ್ಯಾಬ್ರಡಾರ್‌ನ ಯಜಮಾನರಿಗೆ ನೀನೇ ಫೋನ್ ಮಾಡಿ ಮತ್ತೆ ಬರಹೇಳು. ಸೊಂಟದ ಎಕ್ಸ್-ರೇ ತೆಗೆಸು, ಮೂತ್ರಪಿಂಡ ಮತ್ತು ಯಕೃತ್ತಿನ ರಕ್ತಪರೀಕ್ಷೆ ಸರಿಯಿದ್ದರೆ ಒಪಿಯಾಯ್ಡ್ ಅಲ್ಲದ ನೋವುನಿವಾರಕ ಕಾರ್ಪ್ರೊಫೆನ್ ಆರಂಭಿಸು, ತೂಕ ಎಷ್ಟಿದೆ ಎಂದು ನನಗೆ ಬರೆ. ಮುದಿ ಲ್ಯಾಬ್ರಡಾರ್ ಎಂದಮೇಲೆ ತೂಕ ಇಳಿಸಬೇಕಾಗಿ ಬರುವುದು ಬಹುತೇಕ ಖಚಿತ.

ಇಂತಿ,
ನಿನ್ನ ಅಮ್ಮ