ಬಾಡಿಗೆಯ ಲೆಕ್ಕ ಹಾಕುವ ಮೊದಲು

ಸಕಲೇಶಪುರ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ನಿನ್ನ ಅಮ್ಮ ಫೋನಿನಲ್ಲಿ ವಿಷಯ ಹೇಳಿದಳು. ವೈಟ್‌ಫೀಲ್ಡ್ ಕಡೆ ಒಂದು ಕೋಟಿಯ ಫ್ಲ್ಯಾಟ್ ತೆಗೆದುಕೊಂಡು ಬಾಡಿಗೆಗೆ ಕೊಡುವುದಾ, ಇಲ್ಲ ನಮ್ಮ ಕಡೆ ಇಪ್ಪತ್ತು ಗುಂಟೆ ತೋಟ ಹಿಡಿದು ಕಾಟೇಜ್ ಕಟ್ಟಿ ದಿನದ ಲೆಕ್ಕಕ್ಕೆ ಬಿಡುವುದಾ ಅಂತ ಯೋಚಿಸುತ್ತಿದ್ದೀಯಂತೆ. ಯಾವುದಾದರೂ ಸರಿ, ಸಾಲದ ಕಂತನ್ನು ಬಾಡಿಗೆಯೇ ಕಟ್ಟಿಕೊಳ್ಳುತ್ತೆ ಅಂದೆಯಂತೆ. ಆ ಮಾತು ಕೇಳಿ ಸುಮ್ನೆ ಇರಲಾಗಲಿಲ್ಲ. ಹಾಸನದಲ್ಲಿ ನಮ್ಮ ಎರಡು ಮನೆ ಬಾಡಿಗೆಗಿವೆ, ಇಲ್ಲಿ ತೋಟದ ಮನೆಯಲ್ಲಿ ಹೋಂಸ್ಟೇ ನಡೆಯುತ್ತಿದೆ. ನನಗೆ ಗೊತ್ತಿರುವಷ್ಟನ್ನು ಹೇಳುತ್ತೇನೆ, ಆಮೇಲೆ ನಿನ್ನಿಷ್ಟ.

ಮೊದಲು ಫ್ಲ್ಯಾಟ್. ನೀನೂ ಪೆನ್ನು ಹಿಡಿದುಕೊಂಡು ಕೂತ್ಕೋ. ಒಂದು ಕೋಟಿಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 1 ಇದ್ದದ್ದು 2 ಆಗಿದೆ. ಎಲ್ಲ ಸೇರಿ ಹತ್ತಿರ ಹತ್ತಿರ 7 ಲಕ್ಷದ 60 ಸಾವಿರ. ಬ್ಯಾಂಕಿನಿಂದ 80 ಲಕ್ಷ, ಶೇ. 8.5ರ ಬಡ್ಡಿಗೆ, 20 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 69,400. ಬಾಡಿಗೆ 35,000 ಬಂತು ಅಂತಿಟ್ಟುಕೋ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವಾಗ ಒಂದು ತಿಂಗಳು ಖಾಲಿ ಹೋಗುತ್ತೆ, ಹನ್ನೊಂದೇ ತಿಂಗಳು ಹಿಡಿ. ಮನೆ ತೆರಿಗೆ, ಬ್ರೋಕರು, ಸಣ್ಣಪುಟ್ಟ ರಿಪೇರಿ, ಖಾಲಿ ತಿಂಗಳ ಮೇಂಟೆನೆನ್ಸ್ ಕಳೆದರೆ ವರ್ಷಕ್ಕೆ ಮೂರೂವರೆ ಲಕ್ಷ ಕೈಗೆ ಬಂದೀತು. ಕಂತು ವರ್ಷಕ್ಕೆ ಎಂಟು ಲಕ್ಷ ಮೂವತ್ತು ಸಾವಿರದ ಮೇಲೆ. ಅಂದರೆ ತಿಂಗಳಿಗೆ 40,000 ನಿನ್ನ ಸಂಬಳದಿಂದಲೇ ಹೋಗಬೇಕು.

ತೆರಿಗೆಯಲ್ಲಿ ಉಳಿಯುತ್ತಲ್ಲ ಅನ್ನಬೇಡ. ಬಾಡಿಗೆಯಿಂದ ಕಟ್ಟಿದ ಮನೆ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30 ಬಿಡುತ್ತಾರೆ, ಅದು ನಿಜ. ಆದರೆ ನೀನು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ, ಬಡ್ಡಿಯಿಂದ ಆದ ನಷ್ಟವನ್ನು ಸಂಬಳದಲ್ಲಿ ಕಳೆಯಲು ಬರುವುದಿಲ್ಲ. ಬ್ರೋಕರು ಇದನ್ನು ಹೇಳುವುದಿಲ್ಲ.

ಫ್ಲ್ಯಾಟೇ ಬೇಡ ಅಂತ ನಾನು ಹೇಳುತ್ತಿಲ್ಲ. ಮನೆ ಮೂರು ತಿಂಗಳು ಖಾಲಿ ಬಿದ್ದರೂ ನಿನ್ನ ನಿದ್ದೆ ಕೆಡದಷ್ಟೇ ಸಾಲ ಮಾಡು. 2020ರಲ್ಲಿ ಕಂಪನಿಯವರೆಲ್ಲ ಮನೆಯಿಂದಲೇ ಕೆಲಸ ಮಾಡಿ ಅಂದಾಗ ಹುಡುಗರು ಊರಿಗೆ ಹೋದರು, ಬೀದಿ ಬೀದಿಯಲ್ಲಿ ಟು-ಲೆಟ್ ಬೋರ್ಡು ನೇತಾಡಿತು. ಬ್ಯಾಂಕಿನವರು ಬಾಡಿಗೆದಾರ ಇದ್ದಾನಾ ಇಲ್ಲವಾ ಅಂತ ನೋಡಿ ಕಂತು ಹಾಕುವುದಿಲ್ಲ.

ಆ ಕಡೆ ಫ್ಲ್ಯಾಟ್ ನೋಡಲು ಹೋದರೆ ಟೈಲ್ಸು, ಜಿಮ್ಮು ಆಮೇಲೆ. ಮೊದಲು ನೀರು ಕೇಳು. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ದರ ಏರಿ, ಕೊನೆಗೆ ಸರ್ಕಾರವೇ ಐದು ಕಿಲೋಮೀಟರ್ ಒಳಗಿನ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ ಅಂತ ದರ ಕಟ್ಟಬೇಕಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ಹೊರವಲಯದ 110 ಹಳ್ಳಿಗಳಿಗೆ ನೀರು ಕೊಡುವ ಕೆಲಸ ನಡೆದಿದೆ. ನಿನ್ನ ಕಟ್ಟಡಕ್ಕೆ ಕನೆಕ್ಷನ್ ಬಂದಿದೆಯಾ ಅಂತ ಬಿಲ್ಡರನ್ನು ಕೇಳಬೇಡ, ಅಲ್ಲೇ ಇರುವ ಹೆಂಗಸರನ್ನು ಕೇಳು. ವಾಚ್‌ಮನ್‌ನನ್ನು ಕೇಳಿದರೂ ನಡೆಯುತ್ತೆ, ದಿನಕ್ಕೆ ಎಷ್ಟು ಟ್ಯಾಂಕರ್ ಒಳಗೆ ಬಿಡುತ್ತಾನೆ ಅಂತ ಅವನಿಗೆ ಗೊತ್ತಿರುತ್ತೆ. ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ), ಒಸಿ (ಕಟ್ಟಡ ವಾಸಕ್ಕೆ ಯೋಗ್ಯ ಅನ್ನುವ ಪತ್ರ), ಇವೆರಡರಲ್ಲಿ ಒಂದು ಇಲ್ಲದಿದ್ದರೂ ಅಲ್ಲಿಂದಲೇ ವಾಪಸ್ ಬಾ.

ಇನ್ನು ನಿನ್ನ ಕಾಟೇಜಿನ ಆಸೆ. ಶನಿವಾರ ರಾತ್ರಿ ರೂಮಿಗೆ ನಾಲ್ಕು ಸಾವಿರ ಅಂತ ಆ್ಯಪಿನಲ್ಲಿ ನೋಡಿ ಅದನ್ನು ಮೂವತ್ತರಿಂದ ಗುಣಿಸಿದ್ದೀಯ, ಅಲ್ವಾ? ತಿಂಗಳಿಗೆ ಇರುವುದು ನಾಲ್ಕೈದು ಶನಿವಾರ ಪುಟ್ಟಿ. ಮಂಗಳವಾರ, ಬುಧವಾರ ಯಾರೂ ಬರುವುದಿಲ್ಲ. ಪರೀಕ್ಷೆ ಕಾಲದಲ್ಲಿ ಮಕ್ಕಳಿರುವ ಮನೆಯವರು ಬರುವುದಿಲ್ಲ. ಮಳೆ ನೋಡಲು ಬರುವವರು ಬರುತ್ತಾರೆ, ಆದರೆ ಆ ಮಳೆಗಾಲ ಹೇಗಿರುತ್ತೆ ಅಂತ ನೀನು ಬೇಸಿಗೆ ರಜಕ್ಕೆ ಮಾತ್ರ ಬಂದವಳು, ನೋಡಿಲ್ಲ. ಜುಲೈನಲ್ಲಿ ಒಗೆದ ಬೆಡ್‌ಶೀಟು ಮೂರು ದಿನವಾದರೂ ಒಣಗುವುದಿಲ್ಲ. ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿ ಹರವುತ್ತೇವೆ, ಹೊಗೆ ವಾಸನೆ ಹಿಡಿದರೆ ಮತ್ತೆ ಒಗೆಯುತ್ತೇವೆ. ಹಾಗಾಗಿ ಒಂದು ಹಾಸಿಗೆಗೆ ನಾಲ್ಕು ಜೊತೆ ಶೀಟು ಇಟ್ಟಿದ್ದೇನೆ. ಮರ ಬಿದ್ದು ಲೈನ್ ಹೋದರೆ ಕರೆಂಟು ಎರಡು ದಿನ ಇರುವುದಿಲ್ಲ, ಜನರೇಟರಿಗೆ ಡೀಸೆಲ್ ಹಾಕುತ್ತಲೇ ಇರಬೇಕು. ಮಗುವಿನ ಕಾಲಿಗೆ ಇಂಬಳ ಹತ್ತಿದರೆ ತಾಯಿ ಕಿರುಚುತ್ತಾಳೆ, ಉಪ್ಪು, ಸುಣ್ಣ ಹಿಡಿದು ಓಡಬೇಕು. ಕತ್ತಲಾದ ಮೇಲೆ ಗೇಟಿನಾಚೆ ಹೋಗಬೇಡಿ, ಆನೆ ಓಡಾಡುತ್ತವೆ ಅಂತ ಒಬ್ಬೊಬ್ಬರಿಗೂ ಕೂರಿಸಿ ಹೇಳಬೇಕು. ಬೆಳಿಗ್ಗೆ ಎಂಟಕ್ಕೆ ಕಡುಬು, ಅಕ್ಕಿರೊಟ್ಟಿ ಬಿಸಿಯಾಗಿ ತಟ್ಟೆಗೆ ಬೀಳಬೇಕು.

ನನಗೆ ಇದೆಲ್ಲ ಇಷ್ಟ. ಮನೆ ತುಂಬಾ ಜನ ಇದ್ದರೆ ನನಗೆ ಆಯಾಸವೇ ಗೊತ್ತಾಗುವುದಿಲ್ಲ. ಆದರೆ ಇದು ದಿನಾ ಮೈಮುರಿಯುವ ದುಡಿಮೆ. ಹಣ ಹಾಕಿ ಬೆಂಗಳೂರಿನಲ್ಲಿ ಕೂತರೆ ನಡೆಯುವಂಥದ್ದಲ್ಲ. ಹುಡುಗನೊಬ್ಬನನ್ನು ಇಟ್ಟರಾಯಿತು ಅನ್ನುತ್ತೀಯೇನೋ. ಕಾನೂನಿನ ದೃಷ್ಟಿಯಲ್ಲೂ ಹೋಂಸ್ಟೇ ಅಂದರೆ ಮನೆಯವರು ಅಲ್ಲೇ ವಾಸವಿರುವ ಮನೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಬೇಕು, ಪ್ರತಿ ಅತಿಥಿಯ ಗುರುತಿನ ಚೀಟಿ ನೋಡಿ ಬರೆದಿಡಬೇಕು, ವಿದೇಶದವರು ಬಂದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು. ಮನೆಯವರಿಲ್ಲದೆ ಐದು ಕಾಟೇಜ್ ನಡೆಸಿದರೆ ಅದು ಲಾಡ್ಜು. ಅದರ ನಿಯಮವೇ ಬೇರೆ, ಖರ್ಚೂ ಬೇರೆ.

ಪ್ರಕೃತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಏನೂ ಆಗದ ಊರುಗಳ ಹೋಂಸ್ಟೇಗಳೂ ಖಾಲಿಯಾದವು.

ಜಮೀನಿನ ಕಾಗದದ ವಿಷಯಕ್ಕೆ ಬರುತ್ತೇನೆ, ನನಗೆ ಹೆಚ್ಚು ಭಯ ಇರುವುದು ಅಲ್ಲೇ. ವಿರೂಪಾಪುರ ಗಡ್ಡೆ ಗೊತ್ತಲ್ಲ, ಹಂಪಿಯಿಂದ ಹೊಳೆ ದಾಟಿದರೆ ಸಿಗುತ್ತೆ. ರೆಸಾರ್ಟು, ಹೋಟೆಲು ವರ್ಷಗಟ್ಟಲೆ ನಡೆದವು, ದೇಶ ವಿದೇಶದ ಜನ ಬಂದು ಉಳಿದರು. ಕೃಷಿ ಜಮೀನಿನಲ್ಲಿ, ಹಂಪಿ ಪ್ರಾಧಿಕಾರದ ಒಪ್ಪಿಗೆ ಇಲ್ಲದೆ ಕಟ್ಟಿದ್ದು ಅಂತ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೆರವು ಆದೇಶವನ್ನು ಎತ್ತಿಹಿಡಿಯಿತು. ಮಾರ್ಚಿನಲ್ಲಿ ಜೆಸಿಬಿ ಬಂತು. ಎಲ್ಲರೂ ಕಟ್ಟಿದ್ದಾರೆ, ನಮಗೇನಾಗುತ್ತೆ ಅನ್ನುವ ಮಾತನ್ನು ಅಲ್ಲಿಯೂ ಎಷ್ಟು ಜನ ನಂಬಿದ್ದರೋ.

ನಿನಗೆ ತೋರಿಸಿದ ಇಪ್ಪತ್ತು ಗುಂಟೆ ಯಾವ ಸರ್ವೆ ನಂಬರಿನದು? ದೊಡ್ಡ ತೋಟವನ್ನು ತುಂಡು ಮಾಡಿ ಮಾರುವವರು ಈಗ ಜಾಸ್ತಿ. ನಿನ್ನ ಭಾಗಕ್ಕೆ 11ಇ ನಕ್ಷೆ (ತುಂಡು ಮಾಡಿದ ಭಾಗವನ್ನು ಅಳೆದು ಮಾಡುವ ಸರ್ವೆ ನಕ್ಷೆ) ಆಗಿದೆಯಾ, ಪಹಣಿಯಲ್ಲಿ ನಿನ್ನೊಬ್ಬಳ ಹೆಸರೇ ಬರುತ್ತಾ, ಇಲ್ಲ ಹತ್ತು ಜನರ ಜೊತೆ ಜಂಟಿಯಾ ಅಂತ ನೋಡು. ಕಾಟೇಜ್ ಕಟ್ಟಬೇಕಾದರೆ ಭೂಪರಿವರ್ತನೆ ಬೇಕು. ಪಕ್ಕದಲ್ಲಿ ಅರಣ್ಯ ಇದ್ದರೆ ಗಡಿ ಎಲ್ಲಿ ಅಂತ ಅಳತೆ ಮಾಡಿಸು. ಮುಖ್ಯವಾಗಿ, ಅದು ಹಿಂದೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾ ಅಂತ ಮೂಲ ದಾಖಲೆ ತೆಗೆಸಿ ನೋಡು. 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. 2023ರ ತಿದ್ದುಪಡಿ ಆದ ಮೇಲೆ, ಎಷ್ಟು ವರ್ಷ ಕಳೆದರೂ ಆ ಕುಟುಂಬದವರು ವಾಪಸ್ ಕೇಳಬಹುದು. ಕೇಳುವುದು ನ್ಯಾಯವೂ ಹೌದು. ಬಡವರ ಕೈಯಿಂದ ಜಾರಿದ ಭೂಮಿಯ ಮೇಲೆ ನಿನ್ನ ಕಾಟೇಜ್ ನಿಲ್ಲುವುದು ನನಗೆ ಬೇಡ.

ಮುಂದೆ ನೀನು ಮನೆ ಮಾಲೀಕಳಾದಾಗ ಬಾಡಿಗೆದಾರರನ್ನು ಚೆನ್ನಾಗಿ ನೋಡಿಕೋ. ಯಾವ ಜಾತಿ, ಮನೆಯಲ್ಲಿ ಏನು ಅಡುಗೆ ಮಾಡುತ್ತೀರಿ ಅಂತ ಕೇಳಬೇಡ. ಕೆಲಸ ಏನು, ಎಷ್ಟು ಜನ ಇರುತ್ತೀರಿ, ಹಿಂದಿನ ಮನೆ ಯಾಕೆ ಬಿಟ್ಟಿರಿ, ಇಷ್ಟು ಸಾಕು. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಹಳೇ ಅಭ್ಯಾಸ ಹಿಡಿಯಬೇಡ. ತೆಗೆದುಕೊಂಡ ಅಡ್ವಾನ್ಸನ್ನು ಖರ್ಚು ಮಾಡದೆ ಬ್ಯಾಂಕಿನಲ್ಲಿ ಬೇರೆಯಾಗಿ ಇಡು. ಬೀಗದ ಕೈ ಕೊಡುವ ದಿನ ಇಬ್ಬರೂ ನಿಂತು ಗೀಸರ್, ನಲ್ಲಿ, ಗೋಡೆಯ ತೇವ, ಮೀಟರ್ ರೀಡಿಂಗ್ ಎಲ್ಲದರ ಫೋಟೋ ತೆಗೆದುಕೊಳ್ಳಿ. ಬಣ್ಣಕ್ಕೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದಾದರೆ ಕರಾರು ಪತ್ರದಲ್ಲೇ ಬರೆ. ಬಿಡುವ ದಿನ ಅಡ್ವಾನ್ಸ್ ಕೈಗೆ ಕೊಟ್ಟು ಕಳಿಸು. ಅವರು ಅದನ್ನೇ ಮುಂದಿನ ಮನೆಗೆ ಕೊಡಬೇಕಾಗಿರುತ್ತೆ. ಭೋಗ್ಯಕ್ಕೆ ಮಾತ್ರ ಕೊಡಲೇಬೇಡ. ಹತ್ತು ಹದಿನೈದು ಲಕ್ಷ ಒಟ್ಟಿಗೆ ಕೈಗೆ ಬಂದಾಗ ಖರ್ಚಾಗುತ್ತೆ, ವಾಪಸ್ ಕೊಡುವಾಗ ಮತ್ತೆ ಸಾಲ ಮಾಡಬೇಕಾಗುತ್ತೆ.

ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ನೀನು ಇನ್ನೂ ಹತ್ತು ವರ್ಷ ಬೆಂಗಳೂರು ಬಿಡುವವಳಲ್ಲ. ಕಾಟೇಜ್ ಈಗ ಬೇಡ. ಫ್ಲ್ಯಾಟೂ ಒಂದು ಕೋಟಿಯದು ಬೇಡ. ಎರಡು ವರ್ಷ ಕೂಡಿಡು. ಆಮೇಲೆ ಅರ್ಧ ಹಣ ಕೈಯಿಂದ ಹಾಕಿ, ಮೆಟ್ರೋಗೆ ನಡೆದು ಹೋಗುವಷ್ಟು ಹತ್ತಿರ ಒಂದು ಸಣ್ಣ ಮನೆ ನೋಡು.

ಅಷ್ಟರಲ್ಲಿ ಆ ತೋಟದವರಿಗೆ ಟೋಕನ್ ಅಂತ ಒಂದು ರೂಪಾಯಿಯನ್ನೂ ಕೊಡಬೇಡ. ಸರ್ವೆ ನಂಬರ್ ನನಗೆ ವಾಟ್ಸಾಪ್ ಮಾಡು. ಪಹಣಿ, 30 ವರ್ಷದ ಇಸಿ (ಋಣಭಾರ ಪತ್ರ) ತೆಗೆಸಿ ಹಾಸನದಲ್ಲಿ ನಮ್ಮ ವಕೀಲರಿಗೆ ತೋರಿಸುತ್ತೇನೆ. ನೀನು ಜುಲೈನಲ್ಲಿ ನಾಲ್ಕು ದಿನ ರಜ ಹಾಕಿ ಬಾ, ವಾರದ ಮಧ್ಯೆ ಬಾ. ರೇನ್‌ಕೋಟ್ ತರುವುದು ಮರೆಯಬೇಡ. ಅತಿಥಿಗಳ ರೂಮು ನೀನೇ ನೋಡಿಕೊಳ್ಳುವೆಯಂತೆ.

ಇಂತಿ,
ನಿನ್ನ ದೊಡ್ಡಮ್ಮ