ಶನಿವಾರದ ಮಾತುಕತೆ: ಕುಸಿದ ಬೆನ್ನುಮೂಳೆಗೆ ಸಿಮೆಂಟ್ ಚಿಕಿತ್ಸೆ

ಎಲ್ಲರಿಗೂ ನಮಸ್ಕಾರ.

ಈ ಶನಿವಾರ ಬೆಳಿಗ್ಗೆ 11ಕ್ಕೆ ಬೆನ್ನುಮೂಳೆ ಡಾಕ್ಟರ್ ಒಬ್ಬರು ವಿಡಿಯೋ ಕಾಲ್‌ನಲ್ಲಿ ನಮ್ಮ ಜೊತೆ ಮಾತಾಡುತ್ತಾರೆ. ಮನೆಯ ಹಿರಿಯರಿಗೆ ಮೂಳೆ ಸವೆದು ಬೆನ್ನುಮೂಳೆ ಕುಸಿದಿದ್ದರೆ ದಯವಿಟ್ಟು ತಪ್ಪಿಸಿಕೊಳ್ಳಬೇಡಿ.

ವಿಷಯ ವರ್ಟಿಬ್ರೋಪ್ಲಾಸ್ಟಿ ಮತ್ತು ಕೈಫೋಪ್ಲಾಸ್ಟಿ. ಇದರಲ್ಲಿ ಬೆನ್ನನ್ನು ದೊಡ್ಡದಾಗಿ ಕೊಯ್ಯುವುದಿಲ್ಲ. ಎಕ್ಸ್‌ರೇ ಪರದೆ ನೋಡಿಕೊಂಡು, ದಪ್ಪ ಸೂಜಿ ತೂರಿಸಿ, ಕುಸಿದ ಮೂಳೆಯೊಳಗೆ ಬೋನ್ ಸಿಮೆಂಟ್, ಅಂದರೆ ಬೇಗ ಗಟ್ಟಿಯಾಗುವ ಪೇಸ್ಟ್‌ನಂಥ ವಸ್ತು, ತುಂಬುತ್ತಾರೆ. ಕೈಫೋಪ್ಲಾಸ್ಟಿಯಲ್ಲಿ ಮೊದಲು ಪುಟ್ಟ ಬಲೂನ್ ಉಬ್ಬಿಸಿ ಜಾಗ ಮಾಡಿಕೊಳ್ಳುತ್ತಾರೆ. ಹೆಚ್ಚಿನವರು ಅದೇ ದಿನ ಅಥವಾ ಮಾರನೇ ದಿನ ಮನೆಗೆ ಹೋಗುತ್ತಾರೆ.

ಮಗ್ಗುಲು ಬದಲಿಸಲು ನಮ್ಮಮ್ಮ ಮಂಚದ ಅಂಚು ಹಿಡಿದು, ಉಸಿರು ಬಿಗಿಹಿಡಿದು ಹೊರಳುತ್ತಿದ್ದರು. ಅದನ್ನು ನೋಡಿದವಳಿಗೆ ಆತುರ ಅರ್ಥವಾಗುತ್ತದೆ. ಆದರೂ ಇದು ಎಲ್ಲರಿಗೂ ಬೇಕಾಗುವುದಿಲ್ಲ. ಎಷ್ಟೋ ಜನರಿಗೆ ಕೆಲವು ವಾರಗಳಲ್ಲಿ ನೋವು ತಾನಾಗಿಯೇ ಇಳಿಯುತ್ತದೆ. 2009ರ ಎರಡು ಅಧ್ಯಯನಗಳಲ್ಲಿ, ವರ್ಟಿಬ್ರೋಪ್ಲಾಸ್ಟಿಗೂ ಸಿಮೆಂಟ್ ಹಾಕದೆ ಸುಮ್ನೆ ಮಾಡಿದಂತೆ ತೋರಿಸಿದ ಚಿಕಿತ್ಸೆಗೂ ನೋವು ಇಳಿಯುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸಿಮೆಂಟ್ ಮೂಳೆಯಿಂದ ಆಚೆ ಸೋರುವ ಅಪಾಯವೂ ಇದೆ. ಇದನ್ನೆಲ್ಲ ನೇರವಾಗಿ ಕೇಳಬೇಕು, ಅಲ್ವಾ?

ಎಂಆರ್‌ಐ ರಿಪೋರ್ಟ್ ಹತ್ತಿರ ಇಟ್ಟುಕೊಳ್ಳಿ. ಮುರಿತ ಹೊಸದೋ ಹಳೆಯದೋ ಅದರಲ್ಲಿ ಗೊತ್ತಾಗುತ್ತದೆ. ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನೂ ಬರೆದಿಡಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಡಾಕ್ಟರ್ ಹೇಳದೆ ನಿಲ್ಲಿಸಬೇಡಿ.

ಕಾಲಿನಲ್ಲಿ ಬಲ ಕಡಿಮೆಯಾದರೆ, ಮೂತ್ರ ಹಿಡಿತ ತಪ್ಪಿದರೆ ಶನಿವಾರದವರೆಗೆ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ಬರುವವರು ಗುರುವಾರ ಸಂಜೆಯೊಳಗೆ ಇಲ್ಲೇ ‘ಬರ್ತೀನಿ’ ಅಂತ ಹಾಕಿ. ಪ್ರಶ್ನೆಗಳು ಮತ್ತು ರಿಪೋರ್ಟ್‌ಗಳನ್ನು ಗುಂಪಿನಲ್ಲಿ ಹಾಕದೆ ನನಗೊಬ್ಬಳಿಗೇ ಕಳಿಸಿ.